ಒಂದು ಸಣ್ಣ ಆರ್‌ಎನ್‌ಎ ತೆಗೆದರೆ ನೊಣದ ಪ್ರಣಯ ದಾರಿ ತಪ್ಪುತ್ತದಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೈಕ್ರೋ ಆರ್‌ಎನ್‌ಎ ಕಂಡುಹಿಡಿದವರಿಗೆ 2024ರಲ್ಲಿ ನೊಬೆಲ್ ಬಂದ ಮೇಲೆ ದ್ವಿತೀಯ ಪಿಯು ಮಕ್ಕಳಿಗೆ ಅದರ ಬಗ್ಗೆಯೂ ಸ್ವಲ್ಪ ಹೇಳುತ್ತಿದ್ದೇನೆ. ಮೊನ್ನೆ ಒಬ್ಬ ವಿದ್ಯಾರ್ಥಿ ವಾಟ್ಸಾಪ್‌ನಲ್ಲಿ ಬಂದ ಬರಹ ತೋರಿಸಿದ. ‘ಒಂದೇ ಒಂದು ಸಣ್ಣ ಆರ್‌ಎನ್‌ಎ ತೆಗೆದರೆ ಗಂಡು ನೊಣ ಹೆಣ್ಣನ್ನು ಬಿಟ್ಟು ಗಂಡಿನ ಹಿಂದೆ ಹೋಗುತ್ತದೆ. ಅದೇ ಆರ್‌ಎನ್‌ಎ ಮನುಷ್ಯರ ಮೆದುಳಿನಲ್ಲೂ ಇದೆ. ಇದನ್ನು ಸರಿಪಡಿಸುವ ಇಂಜೆಕ್ಷನ್ ಬರುತ್ತಿದೆ’ ಎಂದು ಅದರಲ್ಲಿತ್ತು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಸಂಜೆ ಒಬ್ಬ ಹುಡುಗ ಮಾತ್ರ ಒಬ್ಬನೇ ಬಂದು, ‘ಮಿಸ್, ಆ ಇಂಜೆಕ್ಷನ್ ನಿಜವಾಗ್ಲೂ ಬರುತ್ತಾ?’ ಎಂದು ಕೇಳಿದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಇದರಲ್ಲಿ ನಿಜ ಎಷ್ಟು? ನಮ್ಮ ಲ್ಯಾಬಿನಲ್ಲೇ ನೊಣಗಳ ಓಲೈಕೆ ತೋರಿಸಬಹುದಾ? ಅಂಥ ಮ್ಯುಟೆಂಟ್ ನೊಣ, ಅಂದರೆ ಜೀನ್ ಬದಲಾದ ನೊಣ, ತರಿಸಿಕೊಳ್ಳಬಹುದಾ?

ಉತ್ತರ: ಮೇಡಂ, ಮೊದಲು ಆ ಹುಡುಗನಿಗೆ ಉತ್ತರ ಕೊಟ್ಟುಬಿಡೋಣ. ಅಂಥ ಇಂಜೆಕ್ಷನ್ ಇಲ್ಲ. ನೊಣದ ಆ ಪ್ರಯೋಗದಿಂದ ಅಂಥದ್ದೊಂದು ಬರುವ ದಾರಿಯೂ ಇಲ್ಲ. ಇಷ್ಟನ್ನು ನಾಳೆ ಬೆಳಿಗ್ಗೆಯೇ ಅವನಿಗೆ ಹೇಳಿ. ಉಳಿದದ್ದನ್ನು ನಾವು ನಿಧಾನವಾಗಿ ಮಾತಾಡಬಹುದು.

ಆ ಬರಹದಲ್ಲಿ ಮೂರು ಮಾತುಗಳಿವೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರ್ತಿ ನಿಜ. ಮೂರನೆಯದನ್ನು ಯಾರೋ ಸುಮ್ನೆ ಅಂಟಿಸಿದ್ದಾರೆ. ಎರಡು ನಿಜದ ಪಕ್ಕ ಕೂತಿರುವುದರಿಂದ ಅದೂ ನಿಜದಂತೆ ಕಾಣುತ್ತದೆ, ಅಷ್ಟೇ.

ಯಾವ ನೊಣದ ಮಾತು ಎನ್ನುವುದನ್ನು ಮೊದಲು ಸ್ಪಷ್ಟ ಮಾಡುತ್ತೇನೆ. ನಿಮ್ಮ ಕಡೆ ಮಾವಿನ ತೋಟದವರಿಗೆ ‘ಹಣ್ಣು ನೊಣ’ ಅಂದರೆ ಬೇರೆಯೇ ಹುಳ. ಕಾಯಿಗೆ ಮೊಟ್ಟೆ ಚುಚ್ಚಿ ಬೆಳೆ ಹಾಳು ಮಾಡುವ ಬ್ಯಾಕ್ಟ್ರೋಸೆರಾ ಅದು. ನಾವು ಲ್ಯಾಬಿನಲ್ಲಿ ಸಾಕುವುದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ, ಎರಡೂವರೆ ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ ಪುಟ್ಟ ನೊಣ. ನಿಮ್ಮ ಪಠ್ಯದಲ್ಲಿ ತಳಿವಿಜ್ಞಾನಿ ಮಾರ್ಗನ್ ಪಾಠದಲ್ಲಿ ಬರುವುದು ಇದೇ.

ಇದರ ಓಲೈಕೆಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮುಂದಿನದೆಲ್ಲ ಸುಲಭ. ಒಂದು ಸೆಂಟಿಮೀಟರ್ ಅಗಲದ ಸಣ್ಣ ಕೋಣೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಬಿಟ್ಟಿದ್ದೇವೆ ಅಂದುಕೊಳ್ಳಿ. ಮೊದಲ ಒಂದೆರಡು ನಿಮಿಷ ಎರಡೂ ಗೋಡೆ ಹಿಡಿದು ಸುತ್ತುತ್ತವೆ. ಆಮೇಲೆ ಗಂಡು ಥಟ್ಟನೆ ನಿಂತು ಹೆಣ್ಣಿನ ಕಡೆ ಮುಖ ತಿರುಗಿಸುತ್ತದೆ. ಅವಳು ನಡೆದರೆ ಹಿಂದೆಯೇ ನಡೆಯುತ್ತದೆ. ಹತ್ತಿರ ಸಿಕ್ಕಾಗ ಮುಂಗಾಲಿನಿಂದ ಅವಳ ಹೊಟ್ಟೆಯನ್ನು ತಟ್ಟುತ್ತದೆ. ನೋಡುವವರಿಗೆ ಇದು ಮುದ್ದಿನಂತೆ ಕಾಣುತ್ತದೆ. ನಿಜವಾಗಿ ಅದು ರುಚಿ ನೋಡುವ ಕೆಲಸ, ಯಾಕೆಂದರೆ ನೊಣಕ್ಕೆ ಕಾಲಿನಲ್ಲೂ ರುಚಿಯ ನರಗಳಿವೆ. ಚರ್ಮದ ಮೇಲಿನ ಮೇಣದಂಥ ಪದಾರ್ಥ ಹೆಣ್ಣಿನದೋ ಗಂಡಿನದೋ, ತನ್ನ ಜಾತಿಯದೋ ಬೇರೆಯದೋ ಅನ್ನುವುದು ಆ ತಟ್ಟುವಿಕೆಯಲ್ಲೇ ಗೊತ್ತಾಗುತ್ತದೆ. ಸರಿ ಅನ್ನಿಸಿದರೆ ಒಂದೇ ಒಂದು ರೆಕ್ಕೆಯನ್ನು ಪಕ್ಕಕ್ಕೆ ನೆಟ್ಟಗೆ ಚಾಚಿ ಅದುರಿಸುತ್ತದೆ. ಅದೇ ಹಾಡು. ನಮ್ಮ ಕಿವಿಗೆ ಕೇಳಿಸದು. ಸೂಕ್ಷ್ಮ ಮೈಕ್ ಇಟ್ಟರೆ ಟಕ್ ಟಕ್ ಎಂದು ಸುಮಾರು 35 ಮಿಲಿಸೆಕೆಂಡಿಗೆ ಒಂದರಂತೆ ಬಡಿತ ಕೇಳುತ್ತದೆ, ನಡುವೆ ಒಂದು ಗುಂಯ್ ಎನ್ನುವ ಎಳೆ. ಹೆಣ್ಣಿಗೆ ಇಷ್ಟವಾಗದಿದ್ದರೆ ಒದೆಯುತ್ತಾಳೆ, ಓಡುತ್ತಾಳೆ. ಇಷ್ಟವಾದರೆ ನಡಿಗೆ ನಿಧಾನ ಮಾಡಿ ಜಾಗ ಕೊಡುತ್ತಾಳೆ. ಕೂಡುವುದು ಸುಮಾರು 20 ನಿಮಿಷ.

ಇದನ್ನು ಗಂಡಿಗೆ ಯಾರೂ ಕಲಿಸಿಲ್ಲ. ಪ್ಯೂಪಾ ಕೋಶದಿಂದ ಹೊರಬಂದ ದಿನದಿಂದ ಒಂಟಿಯಾಗಿ ಬೆಳೆಸಿದ ಗಂಡೂ ಮೊದಲ ಬಾರಿ ಹೆಣ್ಣನ್ನು ಕಂಡಾಗ ಇಷ್ಟನ್ನೂ ಮಾಡುತ್ತದೆ. ಅಂದರೆ ಈ ಆಟದ ತಂತಿ ಜೋಡಣೆ ಮೆದುಳು ಕಟ್ಟುವಾಗಲೇ ಆಗಿರುತ್ತದೆ. ಯಾವ ಜೀನ್ ಕಟ್ಟಿತು ಅನ್ನುವ ಹುಡುಕಾಟ ಶುರುವಾದದ್ದೂ ಅಲ್ಲಿಂದಲೇ.

ಆ ಹುಡುಕಾಟದ ಮೊದಲ ದೊಡ್ಡ ಸುಳಿವು ಸಿಕ್ಕಿದ್ದು ಭಾರತೀಯರೊಬ್ಬರಿಗೆ, ಮಕ್ಕಳಿಗೆ ತಪ್ಪದೆ ಹೇಳಿ. 1963ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಕುಲ್ಬೀರ್ ಗಿಲ್, ಹೆಣ್ಣನ್ನೂ ಗಂಡನ್ನೂ ಒಂದೇ ಸಮ ಓಲೈಸುವ, ಆದರೆ ಯಾರೊಂದಿಗೂ ಕೂಡದ ಒಂದು ಮ್ಯುಟೆಂಟ್ ಗಂಡನ್ನು ವರದಿ ಮಾಡಿದರು. ಆ ಜೀನಿಗೆ ಆಮೇಲೆ ಅಂಟಿಕೊಂಡ ಹೆಸರು ಫ್ರೂಟ್‌ಲೆಸ್. 2005ರಲ್ಲಿ ವಿಯೆನ್ನಾದ ಬ್ಯಾರಿ ಡಿಕ್ಸನ್ ಲ್ಯಾಬಿನವರು ಈ ಜೀನಿನ ‘ಗಂಡು ರೂಪ’ವನ್ನು ಹೆಣ್ಣು ನೊಣದಲ್ಲಿ ತಯಾರಾಗುವಂತೆ ಮಾಡಿದರು. ಆ ಹೆಣ್ಣುಗಳು ಬೇರೆ ಹೆಣ್ಣುಗಳ ಹಿಂದೆ ಹೋಗಿ ರೆಕ್ಕೆ ಚಾಚಿದವು.

‘ಗಂಡು ರೂಪ’ ಅಂದರೇನು? ಜೀನ್ ಒಂದೇ, ಗಂಡಿನಲ್ಲೂ ಹೆಣ್ಣಿನಲ್ಲೂ ಇದೆ. ಅದರಿಂದ ಬರುವ ಆರ್‌ಎನ್‌ಎಯನ್ನು ಕತ್ತರಿಸಿ ಹೊಲಿಯುವ ರೀತಿ ಬೇರೆ. ಹೆಣ್ಣಿನಲ್ಲಿ ಈ ಕತ್ತರಿ ಕೆಲಸದ ಮೇಸ್ತ್ರಿ ಟ್ರಾನ್ಸ್‌ಫಾರ್ಮರ್ ಎಂಬ ಪ್ರೋಟೀನ್. (ಬೀದಿ ಕಂಬದ ಟ್ರಾನ್ಸ್‌ಫಾರ್ಮರ್ ಅಲ್ಲ. ಈ ಹೆಸರು ಹೇಳಿದ ಕೂಡಲೇ ಕ್ಲಾಸ್ ನಗುತ್ತದೆ, ನಗಲಿ.) ಗಂಡಿನಲ್ಲಿ ಟ್ರಾನ್ಸ್‌ಫಾರ್ಮರ್ ಆರ್‌ಎನ್‌ಎ ಬೇರೆ ಥರ ಕತ್ತರಿಸಿಹೋಗಿ ಕೆಲಸಕ್ಕೆ ಬರುವ ಪ್ರೋಟೀನ್ ಆಗುವುದೇ ಇಲ್ಲ. ಮೇಸ್ತ್ರಿ ಇಲ್ಲದ್ದರಿಂದ ಫ್ರೂಟ್‌ಲೆಸ್ ಮತ್ತು ಡಬಲ್‌ಸೆಕ್ಸ್ ಎಂಬ ಎರಡು ಜೀನ್‌ಗಳು ಗಂಡು ರೂಪ ತಾಳುತ್ತವೆ.

ಇಷ್ಟು ಹೊತ್ತಿನ ಕಥೆಯಲ್ಲಿ ಸಣ್ಣ ಆರ್‌ಎನ್‌ಎ ಎಲ್ಲೂ ಬರಲಿಲ್ಲ, ಗಮನಿಸಿ. ಗಂಡಿನ ಓಲೈಕೆಯ ಮುಖ್ಯ ತೀರ್ಮಾನ ಅದು ಇಲ್ಲದೆಯೇ ಆಗಿಹೋಗುತ್ತದೆ. ಹಾಗಾದರೆ ಅದರ ಕೆಲಸ ಏನು?

ದರ್ಶಿನಿ ಹೋಟೆಲ್ ನೆನೆಸಿಕೊಳ್ಳಿ. ಕ್ಯಾಶ್ ಕೌಂಟರಿನಿಂದ ಟೋಕನ್ ಬರುತ್ತದೆ, ಅಡುಗೆಮನೆಯವನು ಟೋಕನ್ ನೋಡಿ ದೋಸೆ ಹುಯ್ಯುತ್ತಾನೆ. ಆ ಟೋಕನ್ನೇ ಮೆಸೆಂಜರ್ ಆರ್‌ಎನ್‌ಎ. ಈಗ ಕಾವಲಿ ಪಕ್ಕ ಒಬ್ಬ ಹುಡುಗ ನಿಂತಿದ್ದಾನೆ. ಅವನಿಗೆ ಅಡುಗೆ ಬರುವುದಿಲ್ಲ, ಟೋಕನ್ ಪೂರ್ತಿ ಓದಲೂ ಬರುವುದಿಲ್ಲ. ಟೋಕನ್ನಿನ ಕೆಳಗಡೆ ತನಗೆ ಗೊತ್ತಿರುವ ಏಳು ಅಕ್ಷರ ಕಂಡರೆ ಅದನ್ನು ಎತ್ತಿ ಪಕ್ಕಕ್ಕಿಡುತ್ತಾನೆ, ಇಲ್ಲವೇ ಹರಿದುಹಾಕುತ್ತಾನೆ. ಮೈಕ್ರೋ ಆರ್‌ಎನ್‌ಎ ಎಂದರೆ ಆ ಹುಡುಗ. ಉದ್ದ ಸುಮಾರು 22 ಅಕ್ಷರ. ಅದರಲ್ಲಿ ಎರಡರಿಂದ ಎಂಟನೆಯವರೆಗಿನ ಏಳು ಅಕ್ಷರಗಳೇ ಬಹುಮಟ್ಟಿಗೆ ಗುರಿ ಹಿಡಿಯುವುದು. ಅವನು ಒಂದೇ ಒಂದು ಹೊಸ ದೋಸೆಯನ್ನೂ ಮಾಡಲಾರ. ಜಾಸ್ತಿ ಆಗುವುದನ್ನು, ಆಗಬಾರದ್ದನ್ನು ತಡೆಯುತ್ತಾನೆ. ನೊಣದಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚು ಇವೆ. ಮೊದಲನೆಯದು ಸಿಕ್ಕಿದ್ದು 1993ರಲ್ಲಿ, ನೊಣದಲ್ಲಲ್ಲ, ಒಂದು ಮಿಲಿಮೀಟರ್ ಉದ್ದದ ದುಂಡು ಹುಳದಲ್ಲಿ. ಅದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕನ್ ಅವರಿಗೇ ನೀವು ಹೇಳಿದ 2024ರ ನೊಬೆಲ್.

ಈಗ ವಾಟ್ಸಾಪ್ ಬರಹದ ಮೂಲಕ್ಕೆ ಬರುತ್ತೇನೆ. ಅದು ಬಹುಶಃ 2013ರಲ್ಲಿ ಸಿಂಗಪುರದಿಂದ ಬಂದ ಒಂದು ಸಂಶೋಧನೆ. ಅಲ್ಲಿನ ಸ್ಟೀಫನ್ ಕೋಹೆನ್ ತಂಡದವರು ಮಿರ್-124 ಎಂಬ ಮೈಕ್ರೋ ಆರ್‌ಎನ್‌ಎ ಇಲ್ಲದ ಗಂಡು ನೊಣಗಳನ್ನು ನೋಡಿದರು. ಇವುಗಳಲ್ಲಿ ಗಂಡು-ಗಂಡಿನ ನಡುವಿನ ಓಲೈಕೆ ಹೆಚ್ಚಿತ್ತು. ಹೆಣ್ಣಿನ ಮುಂದೆ ಇಂಥ ಗಂಡನ್ನೂ ಸಾಮಾನ್ಯ ಗಂಡನ್ನೂ ಒಟ್ಟಿಗೆ ಬಿಟ್ಟರೆ ಹೆಣ್ಣು ಸಾಮಾನ್ಯ ಗಂಡನ್ನೇ ಆರಿಸುತ್ತಿತ್ತು.

ಇಲ್ಲಿಗೇ ನಿಲ್ಲಿಸಿದರೆ ವಾಟ್ಸಾಪ್ ಸುದ್ದಿ ಆಗುತ್ತದೆ. ಅವರು ನಿಲ್ಲಿಸಲಿಲ್ಲ. ಯಾಕೆ ಹೀಗೆ ಎಂದು ಜಾಡು ಹಿಡಿದು ಹೋದರು. ಕೊನೆಗೆ ಸಿಕ್ಕಿದ್ದು ಪ್ರೇಮವಲ್ಲ, ವಾಸನೆ! ಗಂಡು ನೊಣ ತನ್ನ ದೇಹದಲ್ಲಿ ಸಿವಿಎ ಎಂಬ ಒಂದು ವಾಸನೆಯ ಪದಾರ್ಥ ಮಾಡಿಕೊಳ್ಳುತ್ತದೆ. ಬೇರೆ ಗಂಡುಗಳಿಗೆ ಅದು ‘ಇಲ್ಲಿ ಗಂಡಿದೆ, ಆ ಕಡೆ ಹೋಗು’ ಎಂಬ ಬೋರ್ಡು. ಕೂಡುವಾಗ ಇದನ್ನು ಹೆಣ್ಣಿಗೂ ಮೆತ್ತುತ್ತದೆ, ಆಮೇಲೆ ಬೇರೆ ಗಂಡುಗಳು ಅವಳ ಹತ್ತಿರ ಬರಲು ಹಿಂಜರಿಯುತ್ತವೆ. ಮಿರ್-124 ಇಲ್ಲದ ಗಂಡುಗಳಲ್ಲಿ ಈ ಬೋರ್ಡು ಮಸುಕಾಗಿತ್ತು, ಒಟ್ಟಾರೆ ಮೈವಾಸನೆಯ ಹದವೇ ಕೆಟ್ಟಿತ್ತು.

ಹದ ಕೆಟ್ಟದ್ದಕ್ಕೆ ಕಾರಣ ನಮ್ಮ ಹಳೆಯ ಮೇಸ್ತ್ರಿ ಟ್ರಾನ್ಸ್‌ಫಾರ್ಮರ್. ಗಂಡಿನಲ್ಲಿ ಅದರ ಹೆಣ್ಣು ರೂಪ ಇರಬಾರದು ಅಂದೆನಲ್ಲ. ಆದರೆ ಜೀವಕೋಶದ ಕತ್ತರಿ ಕೆಲಸ ನೂರಕ್ಕೆ ನೂರು ಸರಿಯಿರುವುದಿಲ್ಲ, ಒಂದಿಷ್ಟು ಸೋರುತ್ತದೆ. ಆ ಸೋರಿದ ಹನಿಗಳನ್ನು ಒರೆಸುವುದು ಮಿರ್-124ರ ಕೆಲಸ. ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ್ದು ಬೇರೆಯವರು. ಇದು ಕೆಳಗಿಟ್ಟ ಒರೆಸುವ ಬಟ್ಟೆ. ಬಟ್ಟೆ ತೆಗೆದರೆ ನೆಲ ಒದ್ದೆಯಾಗುತ್ತದೆ ನಿಜ. ಹಾಗಂತ ಮನೆಗೆ ನೀರು ಬಿಡುವುದು ಬಟ್ಟೆಯಲ್ಲ, ಅಲ್ವಾ? ಈ ಒಂದು ಭೇದ ಮಕ್ಕಳಿಗೆ ಹಿಡಿಸಿದರೆ ಸಾಕು. ಒಂದನ್ನು ತೆಗೆದಾಗ ನಡವಳಿಕೆ ಕೆಟ್ಟರೆ, ಆ ನಡವಳಿಕೆಯನ್ನು ಮಾಡಿಸುತ್ತಿದ್ದದ್ದು ಅದೇ ಎಂದು ಹೇಳಲಾಗುವುದಿಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಕಥೆ ಹೆಣ್ಣು ನೊಣದ್ದು. ಇದನ್ನು ಫಾರ್ವರ್ಡ್ ಮಾಡುವವರು ಯಾಕೋ ಮುಟ್ಟುವುದಿಲ್ಲ. ಒಮ್ಮೆ ಕೂಡಿದ ಹೆಣ್ಣು ಸುಮಾರು ಒಂದು ವಾರ ಬೇರೆ ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಗಂಡು ಬಂದರೆ ಹಿಂಭಾಗದ ಮೊಟ್ಟೆನಳಿಕೆಯನ್ನು ಹೊರಚಾಚಿ ‘ಬೇಡ’ ಎನ್ನುತ್ತಾಳೆ. ಮೊಟ್ಟೆ ಇಡುವುದು ಜೋರಾಗುತ್ತದೆ. ಇದನ್ನೆಲ್ಲ ಮಾಡಿಸುವುದು ಗಂಡಿನ ವೀರ್ಯದ ಜೊತೆ ಬರುವ ಸೆಕ್ಸ್ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್. ಇದು ಎಷ್ಟೋ ವರ್ಷಗಳಿಂದ ಗೊತ್ತಿದ್ದ ವಿಷಯ. ಹಾಗಾಗಿ ನಾವೆಲ್ಲ ಕನ್ಯೆ ನೊಣ ಅಂದರೆ ಇನ್ನೂ ಏನೂ ಆಗದ ಮೂಲ ಸ್ಥಿತಿ, ಕೂಡಿದ ಮೇಲೆ ಸ್ವಿಚ್ ಒತ್ತಿದಂತೆ ಬದಲಾವಣೆ ಎಂದು ತಿಳಿದಿದ್ದೆವು.

2020ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯ ಎರಿಕ್ ಲೈ ಲ್ಯಾಬಿನಿಂದ ಬಂದ ಕೆಲಸ ಈ ತಿಳುವಳಿಕೆಯನ್ನು ತಿರುಗಿಸಿತು. ಐಎಬಿ-4, ಐಎಬಿ-8 ಎಂಬ ಎರಡು ಮೈಕ್ರೋ ಆರ್‌ಎನ್‌ಎಗಳಿವೆ. ಡಿಎನ್‌ಎಯ ಒಂದೇ ಜಾಗದಲ್ಲಿ ಎದುರುಬದುರು ಎಳೆಗಳಿಂದ ಹುಟ್ಟುವ ಜೋಡಿ. ಇವುಗಳನ್ನು ತೆಗೆದ ಹೆಣ್ಣು ನೊಣ ಗಂಡನ್ನು ಕಂಡೇ ಇಲ್ಲ, ಆದರೂ ಮದುವೆಯಾದವಳಂತೆ ನಡೆದುಕೊಳ್ಳುತ್ತದೆ. ಗಂಡು ಬಂದರೆ ಒಲ್ಲೆ ಎನ್ನುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಹೊಟ್ಟೆಭಾಗದ ಕೆಲವೇ ನರಕೋಶಗಳಲ್ಲಿ ಹೋಮೋಥೊರ್ಯಾಕ್ಸ್ ಎಂಬ ಪ್ರೋಟೀನ್ ಇರಬಾರದ ಪ್ರಮಾಣದಲ್ಲಿ ಏರಿದ್ದೇ ಇದಕ್ಕೆ ಕಾರಣ. ಅಂದರೆ ಕನ್ಯೆಯಾಗಿರುವುದು ಸುಮ್ಮನೆ ಇರುವ ಸ್ಥಿತಿಯಲ್ಲ. ಈ ಸಣ್ಣ ಆರ್‌ಎನ್‌ಎಗಳು ಒಂದು ಟೋಕನ್ನನ್ನು ಬಿಡದೆ ಹಿಡಿದಿಟ್ಟಿರುವುದರಿಂದ ಆ ಸ್ಥಿತಿ ಉಳಿದಿದೆ.

ಇನ್ನೊಂದು ಸೊಗಸು ಇದರಲ್ಲಿದೆ. ಹೋಮೋಥೊರ್ಯಾಕ್ಸ್ ಟೋಕನ್ ನರಕೋಶಗಳಲ್ಲಿ ಮಾತ್ರ ಉದ್ದ ಬಾಲದೊಂದಿಗೆ ತಯಾರಾಗುತ್ತದೆ. ಬೇರೆ ಅಂಗಾಂಶಗಳಲ್ಲಿ ಬಾಲ ಗಿಡ್ಡ. ಐಎಬಿ ಜೋಡಿ ಹಿಡಿದುಕೊಳ್ಳುವ ಅಕ್ಷರಗಳು ಹೆಚ್ಚಾಗಿ ಇರುವುದು ಆ ಉದ್ದ ಬಾಲದಲ್ಲೇ. ಹಾಗಾಗಿ ನರಗಳಲ್ಲಿ ಹಿಡಿತ ಬಿಗಿ, ಬೇರೆಡೆ ಸಡಿಲ. ಅವರು ಆರ್‌ಎನ್‌ಎ ಜೋಡಿಯನ್ನು ಮುಟ್ಟದೆ, ಡಿಎನ್‌ಎಯಲ್ಲಿ ಆ ಹಿಡಿಕೆಯ ಅಕ್ಷರಗಳನ್ನು ಮಾತ್ರ ತಿದ್ದಿದರು. ಆಗಲೂ ಕನ್ಯೆಯರು ಕೂಡಿದವರಂತೆ ನಡೆದುಕೊಂಡವು. ನನ್ನ ಲೆಕ್ಕದಲ್ಲಿ ಇದು ಗಟ್ಟಿ ಸಾಕ್ಷಿ. ಸಣ್ಣ ಆರ್‌ಎನ್‌ಎ ಒಂದನ್ನು ಪೂರ್ತಿ ಕಿತ್ತುಹಾಕಿದರೆ ಅದು ಹಿಡಿದಿದ್ದ ಹತ್ತಾರು, ಕೆಲವೊಮ್ಮೆ ನೂರಾರು ಟೋಕನ್ನುಗಳು ಒಟ್ಟಿಗೆ ಸಡಿಲವಾಗುತ್ತವೆ. ಯಾವುದರಿಂದ ಏನಾಯಿತು ಹೇಳುವುದು ಕಷ್ಟ. ಒಂದೇ ಟೋಕನ್ನಿನ ಒಂದೇ ಹಿಡಿಕೆ ತಿದ್ದಿ ಅದೇ ಫಲ ಬಂದರೆ ಮಾತು ಬೇರೆ.

ಹೇಳುವುದು ಸುಲಭ, ಮೇಡಂ. ನಾನೇ ಇದರಲ್ಲಿ ಎಡವಿದ್ದೇನೆ. ಪಿಎಚ್‌ಡಿಯ ಎರಡನೇ ವರ್ಷ ಒಂದು ಮೈಕ್ರೋ ಆರ್‌ಎನ್‌ಎ ಇಲ್ಲದ ಗಂಡು ನೊಣಗಳ ಓಲೈಕೆ ಅಳೆಯುತ್ತಿದ್ದೆ. ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಹೆಣ್ಣಿನ ಹಿಂದಿದ್ದ ಎನ್ನುವುದನ್ನು ಸ್ಟಾಪ್‌ವಾಚ್ ಹಿಡಿದು ಎಣಿಸುವ ಕೆಲಸ. ಸಾಮಾನ್ಯ ಗಂಡು ಆ ಹೊತ್ತಿನ ಮುಕ್ಕಾಲು ಪಾಲು ಹಿಂದೆ ಬಿದ್ದಿದ್ದರೆ ನನ್ನ ಮ್ಯುಟೆಂಟ್ ಕಾಲು ಭಾಗವೂ ಇಲ್ಲ. ಮೂರು ತಿಂಗಳು ಎಣಿಸಿದೆ. ಗ್ರಾಫ್ ನೋಡಿ ಖುಷಿಯೋ ಖುಷಿ. ಲ್ಯಾಬ್ ಮೀಟಿಂಗಿನಲ್ಲಿ ತೋರಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: ‘ನಿನ್ನ ನೊಣದ ಕಣ್ಣು ಯಾವ ಬಣ್ಣ?’

ಬಿಳಿ. ಹೋಲಿಕೆಗೆ ಇಟ್ಟುಕೊಂಡಿದ್ದ ನೊಣದ್ದು ಕೆಂಪು. ಜೀನ್ ತಿದ್ದುವ ಕೆಲಸಕ್ಕೆ ಹೆಚ್ಚಾಗಿ ಬಿಳಿ ಕಣ್ಣಿನ ನೊಣಗಳನ್ನೇ ಬಳಸುತ್ತಾರೆ, ಯಾಕೆಂದರೆ ತಿದ್ದುಪಡಿ ಒಳಗೆ ಕೂತಿತೋ ಇಲ್ಲವೋ ಎಂದು ಕಣ್ಣಿನ ಬಣ್ಣ ಮರಳಿದ್ದರಿಂದ ತಿಳಿಯುತ್ತದೆ. ನನ್ನ ನೊಣದಲ್ಲಿ ಆ ಗುರುತನ್ನು ಆಮೇಲೆ ತೆಗೆದುಹಾಕಿದ್ದರು. ಕಣ್ಣಿನಲ್ಲಿ ಬಣ್ಣ ಇಲ್ಲದ ನೊಣಕ್ಕೆ ಬೆಳಕಿನಲ್ಲಿ ಆಕಾರಗಳು ಸರಿಯಾಗಿ ಕಾಣುವುದಿಲ್ಲ. ಹೆಣ್ಣು ಎಲ್ಲಿದ್ದಾಳೆ ಎಂದು ಕಾಣದೆ ಸುತ್ತುತ್ತಿದ್ದ ಗಂಡನ್ನು ನಾನು ಪ್ರೇಮವಿಲ್ಲದವನು ಎಂದು ಬರೆದುಕೊಂಡಿದ್ದೆ. ಟ್ಯೂಬ್‌ಲೈಟ್ ಆರಿಸಿ ಮಂದ ಕೆಂಪು ಬೆಳಕಿನಲ್ಲಿ ಮತ್ತೆ ಎಣಿಸಿದೆ. ಕೆಂಪು ಬೆಳಕು ಎರಡು ಬಗೆಯ ನೊಣಕ್ಕೂ ಅಷ್ಟಾಗಿ ಕಾಣದು. ವ್ಯತ್ಯಾಸ ಮಾಯ! ಮೂರು ತಿಂಗಳ ನೋಟ್‌ಬುಕ್ ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ಆದ್ದರಿಂದಲೇ ‘ಇದನ್ನು ತೆಗೆದೆವು, ಓಲೈಕೆ ಕಡಿಮೆಯಾಯಿತು’ ಎಂಬ ಸುದ್ದಿ ಓದಿದಾಗ ನಾನು ಮೊದಲು ಕೇಳುವುದು ಆ ನೊಣ ನೆಟ್ಟಗೆ ನಡೆಯುತ್ತಿತ್ತಾ, ಕಾಣುತ್ತಿತ್ತಾ, ಆರೋಗ್ಯವಾಗಿತ್ತಾ ಎಂದು. ಸಣ್ಣ ಆರ್‌ಎನ್‌ಎಗಳು ಮೈ ಕಟ್ಟುವುದರಿಂದ ಹಿಡಿದು ಎಲ್ಲದರಲ್ಲೂ ಕೈಯಾಡಿಸುತ್ತವೆ. ಸೊರಗಿದ ನೊಣ ಹಾಡುವುದಿಲ್ಲ, ಅದರಲ್ಲಿ ವಿಶೇಷವೇನೂ ಇಲ್ಲ.

ಇನ್ನೊಂದು ಗೊಂದಲವನ್ನು ಬೇಗ ಮುಗಿಸುತ್ತೇನೆ. ಸಣ್ಣ ಆರ್‌ಎನ್‌ಎ ನೊಣದಲ್ಲಿ ತಾನಾಗಿ ಇರುವುದು ಒಂದು. ನಾವೇ ಬೇಕೆಂದ ಜೀನನ್ನು ಮುಚ್ಚಿಸಲು ಸಣ್ಣ ಆರ್‌ಎನ್‌ಎ ತಯಾರಾಗುವಂತೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಆರ್‌ಎನ್‌ಎ ಇಂಟರ್ಫಿಯರೆನ್ಸ್ ಎಂದು ಹೆಸರು, ಅದಕ್ಕೂ 2006ರಲ್ಲಿ ನೊಬೆಲ್ ಬಂದಿದೆ. ವಿಯೆನ್ನಾದ ನೊಣ ಕೇಂದ್ರದಲ್ಲಿ ಹೆಚ್ಚುಕಡಿಮೆ ಪ್ರತಿ ಜೀನಿಗೂ ಒಂದು ಇಂಥ ನೊಣ ಸಿಗುತ್ತದೆ. ‘ಆರ್‌ಎನ್‌ಎ ಬಳಸಿ ನೊಣದ ಪ್ರಣಯ ಬದಲಿಸಿದರು’ ಎಂದರೆ ಹಲವು ಬಾರಿ ಇದು. ಅಲ್ಲಿ ಆರ್‌ಎನ್‌ಎ ಬರೀ ನಮ್ಮ ಕೈಯ ಸ್ಪ್ಯಾನರ್.

ಮನುಷ್ಯರ ವಿಚಾರ. ಮಿರ್-124 ನಮ್ಮ ಮೆದುಳಿನಲ್ಲೂ ಇದೆ, ಅಕ್ಷರಗಳೂ ಹೆಚ್ಚುಕಡಿಮೆ ಅವೇ. ಆದರೆ ಹುಡುಗ ಒಬ್ಬನೇ ಆದರೂ ಕೆಲಸಕ್ಕಿರುವ ಹೋಟೆಲ್ ಬೇರೆ, ಟೋಕನ್ ಬೇರೆ. ನೊಣದಲ್ಲಿ ಅದು ಒರೆಸುತ್ತಿದ್ದದ್ದು ಟ್ರಾನ್ಸ್‌ಫಾರ್ಮರ್ ಸೋರಿಕೆಯನ್ನು. ಮನುಷ್ಯರಲ್ಲಿ ಗಂಡು-ಹೆಣ್ಣಿನ ತೀರ್ಮಾನ ಆ ದಾರಿಯಲ್ಲಿ ನಡೆಯುವುದೇ ಇಲ್ಲ. ನಮ್ಮಲ್ಲಿ ವೈ ಕ್ರೋಮೋಸೋಮಿನ ಎಸ್‌ಆರ್‌ವೈ ಜೀನ್ ಶುರು ಮಾಡುತ್ತದೆ. ನೊಣದಲ್ಲಿ ವೈ ಇದ್ದರೂ ಲಿಂಗದ ತೀರ್ಮಾನದಲ್ಲಿ ಅದಕ್ಕೆ ಪಾತ್ರವಿಲ್ಲ. ಸಿವಿಎ ಬೋರ್ಡೂ ನಮ್ಮಲ್ಲಿಲ್ಲ. ಹಾಗಾಗಿ ನೊಣದ ಫಲಿತಾಂಶವನ್ನು ಎತ್ತಿಕೊಂಡು ಮನುಷ್ಯರ ಮೇಲೆ ಇಡಲು ಜಾಗವೇ ಇಲ್ಲ.

ಮನುಷ್ಯರಲ್ಲೇ ನೇರವಾಗಿ ಹುಡುಕಿದ್ದೂ ಉಂಟು. 2019ರಲ್ಲಿ ಸುಮಾರು 4 ಲಕ್ಷ 77 ಸಾವಿರ ಜನರ ಡಿಎನ್‌ಎ ನೋಡಿದ ದೊಡ್ಡ ಅಧ್ಯಯನದಲ್ಲಿ, ಸಲಿಂಗ ಒಲವನ್ನು ತೀರ್ಮಾನಿಸುವ ಒಂದು ಜೀನ್ ಸಿಗಲಿಲ್ಲ. ತೀರಾ ಸಣ್ಣ ಸಣ್ಣ ಪ್ರಭಾವದ ಅನೇಕ ಜೀನ್‌ಗಳು, ಅವುಗಳಾಚೆ ಇನ್ನೂ ಬಹಳಷ್ಟು. ಒಬ್ಬ ವ್ಯಕ್ತಿಯ ಡಿಎನ್‌ಎ ನೋಡಿ ಅವರ ಒಲವು ಹೇಳಲಾಗುವುದಿಲ್ಲ. ಆರ್‌ಎನ್‌ಎ ಇಂಟರ್ಫಿಯರೆನ್ಸ್ ಬಳಸುವ ಔಷಧಗಳು ಇರುವುದು ನಿಜ. 2018ರಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಯಕೃತ್ತಿನಲ್ಲಿ ತಯಾರಾಗುವ ಒಂದು ಕೆಟ್ಟ ಪ್ರೋಟೀನನ್ನು ತಡೆಯುವುದಕ್ಕೆ. ಯಾರನ್ನು ಇಷ್ಟಪಡಬೇಕು ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಆ ಹುಡುಗ ತನ್ನ ಬಗ್ಗೆ ಕೇಳಿದನೋ, ಮನೆಯಲ್ಲಿ ಬೇರೆ ಯಾರ ಬಗ್ಗೆಯೋ, ಬರೀ ಕುತೂಹಲವೋ, ನಮಗೆ ಗೊತ್ತಿಲ್ಲ. ಅವನನ್ನು ಕೆದಕಬೇಡಿ. ‘ಅದು ಸುಳ್ಳು ಸುದ್ದಿ ಕಣೋ. ಇದು ಕಾಯಿಲೆಯೂ ಅಲ್ಲ, ಇದಕ್ಕೆ ಇಂಜೆಕ್ಷನ್ನೂ ಬೇಡ’ ಎಂದು ಸಹಜವಾಗಿ ಹೇಳಿ, ಇನ್ನೂ ಮಾತಾಡಬೇಕು ಅನ್ನಿಸಿದರೆ ಬಾ ಎನ್ನಿ. ಒಂದು ಎಚ್ಚರಿಕೆ ಮಾತ್ರ ಇರಲಿ. ಇಂಥ ಫಾರ್ವರ್ಡ್ ನಂಬಿ ಮನೆಯವರು ಮಕ್ಕಳನ್ನು ‘ಸರಿ ಮಾಡಿಸಲು’ ಎಲ್ಲೆಲ್ಲಿಗೋ ಕರೆದೊಯ್ಯುವುದುಂಟು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಕನ್ವರ್ಷನ್ ಥೆರಪಿಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಹೇಳಿದೆ. ಯಾರಾದರೂ ಡಾಕ್ಟರು ಮಾಡಿಕೊಡುತ್ತೇನೆ ಎಂದರೆ ಅದು ತಪ್ಪು, ಮಗುವಿಗೆ ಅಪಾಯ.

ಈಗ ನಿಮ್ಮ ಲ್ಯಾಬಿನ ವಿಚಾರ, ಇದು ಖುಷಿಯ ಭಾಗ. ಮೈಕ್ರೋ ಆರ್‌ಎನ್‌ಎ ಕಿತ್ತ ನೊಣಗಳನ್ನು ದಯವಿಟ್ಟು ತರಿಸಬೇಡಿ. ಅವು ಜೀನ್ ತಿದ್ದಿದ ಜೀವಿಗಳು. ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇದ್ದು, ಅದರ ಒಪ್ಪಿಗೆ ಇದ್ದರಷ್ಟೇ ಇಟ್ಟುಕೊಳ್ಳಬಹುದು. ಅದೂ ಅಲ್ಲದೆ, ಎಣಿಕೆ ಮಾಡಿ ಅರ್ಥ ಕಂಡುಕೊಳ್ಳಲು ಪಿಯು ಲ್ಯಾಬಿನ ಎರಡು ಪಿರಿಯಡ್ ಸಾಲದು, ನನ್ನ ಮೂರು ತಿಂಗಳೇ ಸಾಲಲಿಲ್ಲ.

ಅಡುಗೆಮನೆಯ ನೊಣ ಹಿಡಿಯುವುದು ಸುಲಭ, ಬಾಳೆಹಣ್ಣು ಇಟ್ಟ ಬಾಟಲಿ ಸಾಕು. ತೊಂದರೆ ಏನೆಂದರೆ ನಮ್ಮ ಮನೆಗಳಲ್ಲಿ ಮೆಲನೊಗ್ಯಾಸ್ಟರ್ ಜೊತೆ ಡ್ರೊಸೊಫಿಲಾ ಅನನಾಸೆ ಮತ್ತಿತರ ಜಾತಿಯ ನೊಣಗಳೂ ಬೆರೆತು ಬರುತ್ತವೆ. ಬೆನ್ನ ಮೇಲೆ ಬಿಳಿ ಗೆರೆ ಇದ್ದರೆ ಅದು ಜಪ್ರಿಯೋನಸ್, ಡ್ರೊಸೊಫಿಲಾ ಅಲ್ಲವೇ ಅಲ್ಲ. ಬೇರೆ ಜಾತಿಯ ಗಂಡನ್ನು ಹೆಣ್ಣು ಒದ್ದು ಓಡಿಸಿದರೆ ಮಕ್ಕಳು ಅದನ್ನು ಇನ್ನೇನೋ ಎಂದು ಬರೆದುಕೊಳ್ಳುತ್ತಾರೆ.

ನನ್ನ ಸಲಹೆ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಅಲ್ಲಿಗೆ ಬರೆಯಿರಿ. ಒಂದು ಬಾಟಲಿ ಸಾಮಾನ್ಯ ಕೆಂಪು ಕಣ್ಣಿನದು, ಒಂದು ಬಾಟಲಿ ಬಿಳಿ ಕಣ್ಣಿನದು ಕೇಳಿ. ಬಿಳಿ ಕಣ್ಣು ತಾನಾಗಿ ಬಂದ ಹಳೆಯ ಮ್ಯುಟೇಷನ್, ಜೀನ್ ತಿದ್ದಿದ್ದಲ್ಲ. ಮಾರ್ಗನ್ 1910ರಲ್ಲಿ ಕಂಡದ್ದು ಅದನ್ನೇ. ಮಕ್ಕಳು ಎರಡೂ ಗಂಡುಗಳ ಓಲೈಕೆಯನ್ನು ಕಿಟಕಿಯ ಬೆಳಕಿನಲ್ಲಿ ಒಮ್ಮೆ, ಮಂದ ಕೆಂಪು ಬಲ್ಬಿನಲ್ಲಿ ಒಮ್ಮೆ ಎಣಿಸಲಿ. ನಾನು ಮೂರು ತಿಂಗಳಲ್ಲಿ ಕಲಿತದ್ದನ್ನು ಅವರು ಒಂದು ವಾರದಲ್ಲಿ ಕಲಿಯುತ್ತಾರೆ.

ಊಟ ನೀವೇ ಮಾಡಬಹುದು. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 10 ಗ್ರಾಂ ಅಗರ್. ಗಂಟಾಗದಂತೆ ತಿರುವುತ್ತಾ ಬೇಯಿಸಿ. ಲ್ಯಾಬ್ ಪೂರ್ತಿ ಕೇಸರಿಬಾತಿನ ವಾಸನೆ ಬರುತ್ತದೆ, ಪಕ್ಕದ ಕ್ಲಾಸಿನವರು ಇಣುಕುತ್ತಾರೆ. ಒಲೆಯಿಂದ ಇಳಿಸಿದ ಮೇಲೆ ಬೂಷ್ಟು ಬಾರದಿರಲು 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಸಿಡ್. ಇದು ಚರ್ಮ ಸುಡುತ್ತದೆ, ಘಾಟು ಜಾಸ್ತಿ. ಗ್ಲೌಸ್ ಹಾಕಿಕೊಂಡು ನೀವೇ ಬೆರೆಸಿ, ಮಕ್ಕಳ ಕೈಗೆ ಕೊಡಬೇಡಿ. ಆರಿದ ಮೇಲೆ ಮೇಲೆ ಒಂದು ಚಿಟಿಕೆ ಯೀಸ್ಟ್. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಹತ್ತು ದಿನ ಸಾಕು. ಮೂವತ್ತರ ಮೇಲೆ ಹೋದರೆ ಗಂಡುಗಳು ಸೊರಗುತ್ತವೆ, ಏಪ್ರಿಲ್-ಮೇ ಬಿಟ್ಟುಬಿಡಿ.

ಕನ್ಯೆ ಹೆಣ್ಣುಗಳನ್ನು ಬೇರೆ ಮಾಡಲು ಬಾಟಲಿಯ ನೊಣಗಳನ್ನೆಲ್ಲ ಬೆಳಿಗ್ಗೆ ಖಾಲಿ ಮಾಡಿ, ಆಮೇಲೆ ಏಳೆಂಟು ಗಂಟೆಯೊಳಗೆ ಹೊರಬಂದ ಹೆಣ್ಣುಗಳನ್ನಷ್ಟೇ ತೆಗೆದುಕೊಳ್ಳಿ. ಹೊಸದಾಗಿ ಬಂದವು ಬಿಳಿಚಿಕೊಂಡಿರುತ್ತವೆ, ಹೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಗಂಡುಗಳನ್ನು ಒಂದೊಂದಾಗಿ ಬೇರೆ ಟ್ಯೂಬಿನಲ್ಲಿ ನಾಲ್ಕೈದು ದಿನ ಇಡಿ. ಹಳೆಯ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ನೊಣ ಮಲಗಿಸಲು ಈಥರ್ ಎಂದಿರುತ್ತದೆ, ಬೇಡ. ಬೆಂಕಿ ಹೊತ್ತಿಕೊಳ್ಳುವ ವಸ್ತು, ಮಕ್ಕಳಿಗೆ ತಲೆನೋವು ಬೇರೆ. ಐಸ್ ತುಂಬಿದ ತಟ್ಟೆಯ ಮೇಲೆ ಟ್ಯೂಬ್ ಇಟ್ಟರೆ ಸಾಕು. ಹಾಗೆ ಮಲಗಿಸಿದ ನೊಣಕ್ಕೆ ಒಂದು ದಿನ ಸುಧಾರಿಸಿಕೊಳ್ಳಲು ಬಿಟ್ಟು ಮರುದಿನ ನೋಡಿ.

ನೋಡುವ ಕೋಣೆಗೆ ಬಟನ್ ಬ್ಯಾಟರಿ ಬರುವ ಪ್ಲಾಸ್ಟಿಕ್ ಗುಳಿಯ ಪ್ಯಾಕೆಟ್ಟೂ ಆಗುತ್ತದೆ, ಮೇಲೆ ಒಂದು ಗಾಜಿನ ಸ್ಲೈಡ್ ಮುಚ್ಚಿ. ಬೆಳಗಿನ ಮೊದಲ ಪಿರಿಯಡ್ ಒಳ್ಳೆಯದು, ನೊಣಗಳು ಆಗ ಚುರುಕು. ಟ್ಯೂಬಿನ ಹತ್ತಿ ತೆಗೆಯುವ ಮೊದಲು ಫ್ಯಾನ್ ಆರಿಸುವುದನ್ನು ಮಾತ್ರ ಮರೆಯಬೇಡಿ.